ಸರ್ಕಲ್‌ಗಳು ಬೇಕಾದಷ್ಟಿವೆ, ನಿಲ್ಲಲು ಜಾಗ ಎಲ್ಲಿ?

ಸಂತೆಮಾಳ:
ನಮ್ಮದು ತಾಲ್ಲೂಕು ಕೇಂದ್ರ. ಹಳೆಯ ಬಸ್ ನಿಲ್ದಾಣದ ಹಿಂದೆ ಒಂದು ಬಯಲಿದೆ. ವಾರಕ್ಕೊಮ್ಮೆ ಸಂತೆ, ಗಣೇಶನ ಹಬ್ಬಕ್ಕೆ ಪೆಂಡಾಲು, ಚುನಾವಣೆ ಬಂದರೆ ಭಾಷಣ, ಅಪರೂಪಕ್ಕೆ ಕಂಪನಿ ನಾಟಕ, ಉಳಿದ ದಿನ ಸಂಜೆ ಹುಡುಗರ ಕ್ರಿಕೆಟ್. ಈಗ ಅದನ್ನು ‘ಅಭಿವೃದ್ಧಿ’ ಮಾಡುತ್ತಾರಂತೆ. ಸುತ್ತ ಕಾಂಪೌಂಡ್, ಅದರ ಮೇಲೆ ಸ್ಟೀಲ್ ಗ್ರಿಲ್, ನೆಲಕ್ಕೆಲ್ಲ ಪೇವರ್, ನಡುವೆ ಸಂಗೀತ ಕಾರಂಜಿ, ಒಂದೇ ಒಂದು ಗೇಟು. ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ತೆರೆದಿರುತ್ತದೆ. ಸಂತೆ ಬೈಪಾಸ್ ಬಳಿಗೆ ಎತ್ತಂಗಡಿ.

ಊರಿನ ಅರ್ಧ ಜನರಿಗೆ ಖುಷಿ, ನನಗೆ ಮೈ ಉರಿಯುತ್ತಿದೆ. ಆದರೆ ಸಭೆಯಲ್ಲಿ ಎದ್ದು ನಿಂತು ‘ಬೇಡ’ ಎನ್ನುವುದಕ್ಕಿಂತ ಹೆಚ್ಚಿನದನ್ನು ಹೇಳಬೇಕಲ್ಲ. ಭಾರತ, ನೇಪಾಳ, ಶ್ರೀಲಂಕಾ, ಪಾಕಿಸ್ತಾನ, ಬಾಂಗ್ಲಾದೇಶ, ಎಲ್ಲಿಯದಾದರೂ ಸರಿ, ಊರ ನಡುವಿನ ಬಯಲನ್ನು ಬಯಲಾಗಿಯೇ ಇಟ್ಟುಕೊಂಡ ಉದಾಹರಣೆ ಇದ್ದರೆ ಕೊಡಿ. ರೋಮ್, ಪ್ಯಾರಿಸ್ ಮಾತ್ರ ಬೇಡ. ಆ ಹೆಸರು ಕಿವಿಗೆ ಬಿದ್ದರೆ ನಮ್ಮ ಸದಸ್ಯರು ಅಧ್ಯಯನ ಪ್ರವಾಸಕ್ಕೆ ಹೊರಟುಬಿಡುತ್ತಾರೆ.

ಮಧ್ಯಾಹ್ನದ ನಿದ್ದೆ:
ಸಂಗೀತ ಕಾರಂಜಿ ಎಷ್ಟು ತಿಂಗಳು ಹಾಡುತ್ತದೆ ಎಂದು ಪಂದ್ಯ ಕಟ್ಟೋಣವೇ?

ನಕ್ಷೆಗಾರ:
ನಗರ ಯೋಜನೆ ನನ್ನ ಹೊಟ್ಟೆಪಾಡು, ಹಾಗಾಗಿ ಉದ್ದ ಬರೆಯುತ್ತೇನೆ. ಕಠ್ಮಂಡು ಕಣಿವೆಯಿಂದ ಶುರು ಮಾಡಿ. ಕಠ್ಮಂಡು, ಪಾಟನ್, ಭಕ್ತಪುರ, ಈ ಮೂರು ಊರುಗಳ ದರ್ಬಾರ್ ಚೌಕಗಳು 1979ರಲ್ಲಿಯೇ ಯುನೆಸ್ಕೊ ಪಟ್ಟಿಗೆ ಸೇರಿವೆ. ಹೋದವರೆಲ್ಲ ದೇಗುಲಗಳ ಫೋಟೊ ತೆಗೆಯುತ್ತಾರೆ. ನೀವು ಚೌಕದ ಅಂಚನ್ನು ನೋಡಬೇಕು. ಅಲ್ಲಲ್ಲಿ ‘ಪಾಟಿ’ ಎಂಬ, ಮೇಲೆ ಮಾಡು ಹೊದಿಸಿದ ಜಗಲಿಗಳಿವೆ. ಯಾರು ಬೇಕಾದರೂ ಕೂರಬಹುದು, ಭಜನೆ ಹಾಡಬಹುದು, ಮಳೆ ಬಂದರೆ ಒಳಸೇರಬಹುದು. ಮೆಟ್ಟಿಲಿಳಿದು ಹೋಗುವ ‘ಹಿತಿ’ಗಳಲ್ಲಿ ಕಲ್ಲಿನ ದೋಣಿಯಿಂದ ನೀರು. ಭಕ್ತಪುರದ ತೌಮಧಿ ಚೌಕದಲ್ಲಿ 1702ರ ನ್ಯಾತಪೋಲ ಗುಡಿ ಐದು ಹಂತದ ಜಗತಿಯ ಮೇಲೆ ನಿಂತಿದೆ. ಆ ಜಗತಿಯೇ ಜಾತ್ರೆಯ ದಿನ ಪ್ರೇಕ್ಷಕರ ಗ್ಯಾಲರಿ, ಉಳಿದ ದಿನ ಹರಟೆಯ ಕಟ್ಟೆ. ಸುಗ್ಗಿಯಲ್ಲಿ ಅಲ್ಲಿನ ಚೌಕಗಳಲ್ಲೇ ಧಾನ್ಯ ಒಣಗಿಸುತ್ತಾರೆ. ಸುತ್ತಲಿನ ಮನೆಗಳ ಕಿಟಕಿಗಳೆಲ್ಲ ಚೌಕದತ್ತ ತೆರೆದುಕೊಂಡಿವೆ, ಕಾವಲಿನ ಕೆಲಸ ಅವೇ ಮಾಡುತ್ತವೆ.

ಲೆಕ್ಕಪತ್ರ:
ಅದೇ ಭಕ್ತಪುರದಲ್ಲಿ ನಾನು ಹಣ ಕೊಟ್ಟು ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿದ್ದೇನೆ. ಅದನ್ನೇಕೆ ಹೇಳಲಿಲ್ಲ?

ನಕ್ಷೆಗಾರ:
ಟಿಕೆಟ್ ಹೊರದೇಶದ ಪ್ರವಾಸಿಗೆ. ಸಾರ್ಕ್ ದೇಶದವರೆಂದು ನಮಗೆ ಕಡಿಮೆ ಮಾಡುತ್ತಾರೆ. ಅಲ್ಲಿನವರಿಗೆ ಟಿಕೆಟ್ ಇಲ್ಲ. ಸಂತೆಮಾಳದವರ ಊರಿನಲ್ಲಿ ನಡೆಯುತ್ತಿರುವುದು ಊರಿನವರನ್ನೇ ಹೊರಗಿಡುವ ಏರ್ಪಾಡು.

ಹಿಮದ ಹಾದಿ:
ಕಠ್ಮಂಡುವಿನ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಾಷ್ಠಮಂಡಪ ಕುಸಿಯಿತು, ಧರಹರಾ ಗೋಪುರ ಉರುಳಿತು. ಮನೆಯೊಳಗೆ ಹೋಗಲು ಹೆದರಿದ ಜನ ತುಂಡಿಖೇಲ್ ಮೈದಾನದಲ್ಲಿ ಟಾರ್ಪಾಲು ಕಟ್ಟಿಕೊಂಡು ಮಲಗಿದರು. ಆ ದೊಡ್ಡ ಮೈದಾನವನ್ನು ವರ್ಷಗಳಿಂದ ಅಂಚಂಚಿನಲ್ಲಿ ಕಬಳಿಸುತ್ತಾ ಬಂದಿದ್ದಾರೆ ಎಂಬ ಕೊರಗು ಅಲ್ಲಿಯೂ ಇದೆ. ಕಾಷ್ಠಮಂಡಪವನ್ನು ಮತ್ತೆ ಕಟ್ಟಿ 2022ರಲ್ಲಿ ಮುಗಿಸಿದರು. ಹೋದ ಮೈದಾನವನ್ನು ಹಾಗೆ ಮತ್ತೆ ಕಟ್ಟಲು ಬರುವುದಿಲ್ಲ.

ರಥಬೀದಿ ಪಕ್ಕದವಳು:
ನೇಪಾಳದವರೆಗೆ ಯಾಕೆ ಹೋಗುತ್ತೀರಿ? ಉಡುಪಿಗೆ ಬನ್ನಿ. ಕೃಷ್ಣ ಮಠ, ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತ ಅಷ್ಟ ಮಠಗಳು, ನಡುವೆ ಬಳಸಿ ಬರುವ ರಥಬೀದಿ. ಎರಡು ವರ್ಷಕ್ಕೊಮ್ಮೆ ಪೂಜೆಯ ಹೊಣೆ ಮಠದಿಂದ ಮಠಕ್ಕೆ ದಾಟುವ ಪರ್ಯಾಯ, ಪ್ರತಿ ವರ್ಷ ಮಕರ ಸಂಕ್ರಾಂತಿಗೆ ಮೂರು ತೇರು, ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಕಾಲಿಡಲು ಜಾಗವಿಲ್ಲ. ಮಾರನೆಯ ದಿನ ನೋಡಿದರೆ ಮಕ್ಕಳು ಸೈಕಲ್ ಕಲಿಯುತ್ತಿರುತ್ತಾರೆ. ಈ ಬೀದಿ ಇಷ್ಟು ಅಗಲವಾಗಿ ಉಳಿಯಲು ಕಾರಣ ಯಾವ ಯೋಜನಾ ಪ್ರಾಧಿಕಾರವೂ ಅಲ್ಲ, ತೇರು. ತೇರು ತಿರುಗಬೇಕಾದಲ್ಲಿ ಯಾರೂ ಮೆಟ್ಟಿಲು ಮುಂದಕ್ಕೆ ಚಾಚುವಂತಿಲ್ಲ.

ಹಳೇ ಮ್ಯಾಪು:
ಪಕ್ಕದವಳು ಅಕ್ಕ ಹೇಳಿದ್ದು ನಿಜ. ಮದುರೆಯಲ್ಲೂ ಹಾಗೆಯೇ. ಮೀನಾಕ್ಷಿ ಗುಡಿಯ ಸುತ್ತ ಒಂದರ ಹೊರಗೊಂದು ಬೀದಿಗಳು, ಅವಕ್ಕೆ ಆಡಿ, ಚಿತ್ತಿರೈ, ಮಾಸಿ ಎಂದು ತಿಂಗಳ ಹೆಸರು. ತೇರು ಹೋಗುವ ಬೀದಿ ಇವತ್ತಿಗೂ ಅಗಲ.

ನನ್ನ ಅನುಮಾನ ಏನೆಂದರೆ, ನಮ್ಮಲ್ಲಿ ಯಾವ ಬಯಲೂ ಪ್ರೀತಿಯಿಂದ ಉಳಿದದ್ದಲ್ಲ. ಯಾವುದೋ ಕೆಲಸಕ್ಕೆ ಅದು ಖಾಲಿ ಇರಬೇಕಾಗಿತ್ತು, ಅಷ್ಟೇ. ಕೋಲ್ಕತ್ತದ ಮೈದಾನ ನೋಡಿ. ಪ್ಲಾಸಿ ಕದನದ ನಂತರ ಹೊಸ ಫೋರ್ಟ್ ವಿಲಿಯಂ ಕಟ್ಟಿದಾಗ, ಫಿರಂಗಿ ಹಾರಿಸಲು ಅಡ್ಡವಿರಬಾರದೆಂದು ಕಾಡು ಕಡಿದು ಬಯಲು ಮಾಡಿದರು. ಇಂದಿಗೂ ಅದು ಸೇನೆಯ ಕೈಯಲ್ಲಿದೆ. ಸೇನೆಯ ಬದಲು ನಗರಪಾಲಿಕೆಯ ಕೈಯಲ್ಲಿ ಇದ್ದಿದ್ದರೆ ಈ ಹೊತ್ತಿಗೆ ಅಲ್ಲಿ ಎಷ್ಟು ಮಾಲ್ ಇರುತ್ತಿದ್ದವು? ತೇರು, ಫಿರಂಗಿ, ಸಂತೆ, ಇವೇ ನಮ್ಮ ಬಯಲುಗಳ ಕಾವಲುಗಾರರು. ಹಾಗಾಗಿ ಸಂತೆಮಾಳದವರೇ, ಕಾಂಪೌಂಡಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಸಂತೆಯನ್ನು ಹಿಡಿದುಕೊಳ್ಳಿ. ಸಂತೆ ಹೋದರೆ ಆ ಜಾಗ ಖಾಲಿ ಇರಬೇಕಾದ ಕಾರಣವೇ ಹೋಯಿತು. ಆಮೇಲೆ ಕಾರಂಜಿ ಕೆಡುತ್ತದೆ, ಅದರ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಏಳುತ್ತದೆ.

ಊರ ಹೊರಗಿನವನು:
ರಥಬೀದಿ, ತೇರುಬೀದಿ ಎಂದು ಎಲ್ಲರೂ ಕೊಂಡಾಡುತ್ತಿದ್ದೀರಿ. ಆ ಬೀದಿ ಯಾರಿಗೆ ತೆರೆದಿತ್ತು ಎಂದು ಒಬ್ಬರೂ ಕೇಳಲಿಲ್ಲ. 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ಆದದ್ದು ಗುಡಿಯ ಒಳಗೆ ಹೋಗಲು ಅಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲು! ಸಾರ್ವಜನಿಕ ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯಲು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು ಅಂಬೇಡ್ಕರ್ ಸಾವಿರಾರು ಜನರನ್ನು ಕರೆದುಕೊಂಡು ಹೋಗಬೇಕಾಯಿತು. ಅದೂ ಪುರಸಭೆ ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿದ್ದ ಕೆರೆ.

ನಮ್ಮ ಊರಿನ ಅರಳಿಕಟ್ಟೆಗೆ ಬೇಲಿ ಇಲ್ಲ. ನನ್ನ ಅಜ್ಜ ಅದರ ಮೇಲೆ ಕೂರಲಿಲ್ಲ. ಬೇಲಿ ಇಲ್ಲದ್ದೆಲ್ಲ ಬಯಲು ಎಂದು ಬರೆಯುವಾಗ ಸ್ವಲ್ಪ ಯೋಚಿಸಿ. ಸಂತೆಯ ಬಗ್ಗೆ ಮಾತ್ರ ಹಳೇ ಮ್ಯಾಪು ಅವರ ಮಾತು ಒಪ್ಪುತ್ತೇನೆ, ಏಕೆಂದರೆ ಸಂತೆಯಲ್ಲಿ ದುಡ್ಡು ಕೊಟ್ಟವನಿಗೆ ಸಾಮಾನು.

ಮಧ್ಯಾಹ್ನದ ನಿದ್ದೆ:
ಇದಕ್ಕೆ ತಮಾಷೆ ಮಾಡಲು ಬರುವುದಿಲ್ಲ. ಓದಿದೆ.

ಲೆಕ್ಕಪತ್ರ:
ವೈಕಂ ಹಳೆಯ ಕಥೆಯಾಯಿತಲ್ಲ. 1925ಕ್ಕೇ ಎಲ್ಲ ರಸ್ತೆಗಳೂ ತೆರೆದವು.

ಹಳೇ ಮ್ಯಾಪು:
ಎಲ್ಲ ಅಲ್ಲ. ರಾಜಿಯಲ್ಲಿ ಮೂರು ದಿಕ್ಕಿನ ರಸ್ತೆಗಳು ತೆರೆದವು, ಪೂರ್ವದ್ದು ಹಾಗೆಯೇ ಉಳಿಯಿತು. ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆ ಬಂದದ್ದು 1936ರಲ್ಲಿ.

ಊರ ಹೊರಗಿನವನು:
ಹಳೆಯ ಕಥೆ ಎನ್ನುವವರು ನಮ್ಮೂರ ಕಟ್ಟೆಯ ಮೇಲೆ ಇಂದು ಸಂಜೆ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂದು ಬಂದು ನೋಡಲಿ.

ಸಂಜೆ ವಾಕಿಂಗ್:
ಮೇಲೆ ಬರೆದ ಹೆಚ್ಚಿನವರು ಗಂಡಸರು ಎಂದುಕೊಳ್ಳುತ್ತೇನೆ. ನಾನು ಹೇಳುವುದು ನಿಮಗೆ ಹಿಡಿಸುವುದಿಲ್ಲ: ನನಗೆ ಬೇಲಿ ಬೇಕು. ಬೇಲಿ, ದೀಪ, ಗೇಟಿನಲ್ಲಿ ಒಬ್ಬ ಕಾವಲುಗಾರ ಇರುವ ಉದ್ಯಾನದಲ್ಲಿ ನಾನು ಒಬ್ಬಳೇ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರುತ್ತೇನೆ. ನಮ್ಮೂರ ಮೈದಾನದಲ್ಲಿ ಐದು ನಿಮಿಷ ನಿಂತರೆ ‘ಯಾರಿಗೆ ಕಾಯುತ್ತಿದ್ದೀರಿ’ ಎಂದು ಕೇಳುತ್ತಾರೆ. ಕ್ರಿಕೆಟ್, ಭಾಷಣ, ಪೆಂಡಾಲು, ಇವುಗಳಲ್ಲಿ ಹೆಂಗಸರ ಪಾಲು ಎಷ್ಟು? ಕತ್ತಲಾದ ಮೇಲೆ ಆ ಬಯಲಿನ ಮೂಲೆ ಏನಾಗುತ್ತದೆ ಎಂದು ನಿಮಗೂ ಗೊತ್ತು, ವಾಸನೆಯೇ ಹೇಳುತ್ತದೆ.

ದುರ್ಗದ ಬೈಲು:
ಅಕ್ಕಾ, ನಿಮ್ಮ ಸಿಟ್ಟು ಸರಿ, ಮದ್ದು ತಪ್ಪು. ಹುಬ್ಬಳ್ಳಿಯ ದುರ್ಗದ ಬೈಲಿಗೆ ಒಮ್ಮೆ ರಾತ್ರಿ ಬನ್ನಿ. ಬೇಲಿ ಇಲ್ಲ, ಗೇಟಿಲ್ಲ. ತಿನಿಸಿನ ಗಾಡಿಗಳಿವೆ, ಬೆಳಕಿದೆ, ಮಕ್ಕಳನ್ನು ಕಟ್ಟಿಕೊಂಡು ಸಂಸಾರಗಳು ಬರುತ್ತವೆ. ಅಹಮದಾಬಾದಿನ ಮಾಣೆಕ್ ಚೌಕವೂ ಹಾಗೆಯೇ. ಹಗಲು ಚಿನ್ನ ಬೆಳ್ಳಿ ವ್ಯಾಪಾರ, ರಾತ್ರಿ ಅಂಗಡಿ ಬಾಗಿಲು ಮುಚ್ಚಿದ ಮೇಲೆ ಅದೇ ನೆಲದಲ್ಲಿ ತಿಂಡಿ ಬಜಾರು. ಗಾಡಿಯವನು ಇದ್ದಲ್ಲಿ ಹೆಂಗಸರಿಗೆ ಭಯ ಕಡಿಮೆ. ಗಾಡಿಯವರನ್ನು ಓಡಿಸಿ ಗ್ರಿಲ್ ಹಾಕಿದರೆ ಕಾವಲುಗಾರ ನಿದ್ದೆ ಹೋದ ಮೇಲೆ ಯಾರಿದ್ದಾರೆ?

ಸಂಜೆ ವಾಕಿಂಗ್:
ಸಂಸಾರದ ಜೊತೆ ಬರುವ ಹೆಂಗಸಿನ ಲೆಕ್ಕ ಬೇರೆ, ಒಬ್ಬಳೇ ಬರುವವಳ ಲೆಕ್ಕ ಬೇರೆ. ತಿನ್ನಲು ಹೋದರೆ ಬಿಡುತ್ತಾರೆ. ಸುಮ್ಮನೆ ಕೂರಲು ಹೋದರೆ?

ರಥಬೀದಿ ಪಕ್ಕದವಳು:
ವಾಕಿಂಗ್ ಅವರ ಈ ಪ್ರಶ್ನೆಗೆ ಯಾರಾದರೂ ಗಂಡಸರು ಉತ್ತರ ಕೊಡುವವರೆಗೆ ನಾನು ರಥದ ಮಾತು ಆಡುವುದಿಲ್ಲ.

ಮಿರ್ಚಿ ಮಂಡಕ್ಕಿ:
ದುರ್ಗದ ಬೈಲು ಎಂದವರು ಗಿರ್ಮಿಟ್ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಇದು ಅನ್ಯಾಯ.

ದುರ್ಗದ ಬೈಲು:
ಬರೆದರೆ ಚರ್ಚೆ ಅಲ್ಲಿಗೇ ಮುಗಿಯುತ್ತಿತ್ತು.

ಸೊಪ್ಪಿನ ಮನೆ:
ಇಲ್ಲಿ ಸುಮ್ಮನೆ ಓದುತ್ತಿರುತ್ತೇನೆ, ಬರೆಯುವುದು ಕಡಿಮೆ. ಆದರೆ ಸಂತೆ ಬೈಪಾಸಿಗೆ ಎಂದು ಓದಿ ಸುಮ್ಮನಿರಲು ಆಗಲಿಲ್ಲ. ನನ್ನ ತಾಯಿ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ನಮ್ಮೂರಿನಲ್ಲಿ ಇದನ್ನು ಆಗಲೇ ಮಾಡಿದ್ದಾರೆ. ಮೊದಲು ಬಸ್ ಇಳಿದರೆ ಸಂತೆ. ಈಗ ಬಸ್ ಇಳಿದು, ಗಂಟು ಹೊತ್ತು, ಆಟೊ ಹಿಡಿಯಬೇಕು. ಸೊಪ್ಪಿನ ಲಾಭದಲ್ಲಿ ಆಟೊ ಬಾಡಿಗೆ ಹುಟ್ಟುವುದಿಲ್ಲ. ಕೊಳ್ಳುವವರೂ ಅಷ್ಟು ದೂರ ಬರುವುದಿಲ್ಲ. ಬರುವವರು ಕಾರಿನವರು, ಅವರು ಒಂದು ಕಟ್ಟಿಗೂ ಚೌಕಾಸಿ ಮಾಡುತ್ತಾರೆ. ತಾಯಿ ಈಗ ರಸ್ತೆ ಬದಿಯಲ್ಲಿ ಕೂರುತ್ತಾರೆ, ಅಲ್ಲಿಂದಲೂ ಎಬ್ಬಿಸುತ್ತಾರೆ. ಹಳೆಯ ಸಂತೆ ಮೈದಾನಕ್ಕೆ ಗೇಟು ಬಿದ್ದಿದೆ. ಒಳಗೆ ಹುಲ್ಲು, ಹುಲ್ಲಿನ ಮೇಲೆ ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕ.

ಠರಾವು:
ಸೊಪ್ಪಿನ ಮನೆ ಅವರೇ, ಕಾನೂನು ನಿಮ್ಮ ತಾಯಿಯ ಕಡೆಗಿದೆ, ಜಾರಿ ಇಲ್ಲ ಅಷ್ಟೇ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಓದಿ. ಪ್ರತಿ ಊರಿನಲ್ಲೂ ಪಟ್ಟಣ ಮಾರಾಟ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಮೀಕ್ಷೆ ಮುಗಿದು ಮಾರಾಟ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ತಲೆಮಾರುಗಳಿಂದ ನಡೆದುಬಂದ ಸಂತೆಯ ಜಾಗಗಳಿಗೆ ಕಾಯ್ದೆಯಲ್ಲಿ ವಿಶೇಷ ಮನ್ನಣೆಯೂ ಇದೆ.

ಸಂತೆಮಾಳ ಅವರೇ, ಮೊದಲು ಆ ಜಾಗ ದಾಖಲೆಯಲ್ಲಿ ಏನೆಂದಿದೆ ನೋಡಿ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆ ಇದೆ, ಅದರ ಪಟ್ಟಿಯಲ್ಲಿ ನಿಮ್ಮ ಬಯಲು ಇದೆಯೇ? ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ, 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮೊಕದ್ದಮೆ ಹೂಡಿದ್ದು ಅಲ್ಲಿನ ನಿವಾಸಿಗಳು. ಮಾಹಿತಿ ಹಕ್ಕಿನಲ್ಲಿ ಯೋಜನಾ ವರದಿ, ಸಾಮಾನ್ಯ ಸಭೆಯ ನಡಾವಳಿ, ಟೆಂಡರ್ ದಾಖಲೆ ಕೇಳಿ. ಭಾವನೆಯ ಮಾತು ಆಮೇಲೆ.

ಕಾಲು ನೋವು:
ನಾನು ಇಂಥ ಒಂದು ಮೈದಾನದ ಎದುರಿಗೇ ಇದ್ದೇನೆ. ‘ಜೀವಂತ ಬಯಲು’ ಎಂದು ಹಾಡುವವರು ಒಂದು ವಾರ ನಮ್ಮ ಮನೆಯಲ್ಲಿ ಮಲಗಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಿಲ್ಲಬೇಕೆಂದು 2000ದ ನಿಯಮವಿದೆ. ಕೇಳುವವರು ಯಾರು? ಮುಂಬೈಯ ಶಿವಾಜಿ ಪಾರ್ಕನ್ನು ಹೈಕೋರ್ಟ್ 2010ರಲ್ಲಿ ನಿಶ್ಶಬ್ದ ವಲಯ ಮಾಡಿದ್ದು ಅಲ್ಲಿನ ನಿವಾಸಿಗಳು ಅತ್ತೂ ಕರೆದೂ ಸಾಕಾದ ಮೇಲೆಯೇ. ಕೋಲ್ಕತ್ತದ ಪುಸ್ತಕ ಮೇಳ 2007ರಲ್ಲಿ ಮೈದಾನದಿಂದ ಹೊರಬಿದ್ದದ್ದೂ ನ್ಯಾಯಾಲಯದ ಆದೇಶದಿಂದಲೇ. ಪುಸ್ತಕವೇ ಹುಲ್ಲನ್ನು ಹಾಳು ಮಾಡುತ್ತದೆಂದರೆ ನಿಮ್ಮ ಪೆಂಡಾಲು ಎಷ್ಟು ಮಾಡುತ್ತದೆ!

ಹಳೇ ಮ್ಯಾಪು:
ಶಬ್ದಕ್ಕೆ ನಿಯಮ ಜಾರಿ ಮಾಡಿ. ಗ್ರಿಲ್ಲಿನಿಂದ ಶಬ್ದ ನಿಲ್ಲುತ್ತದೆಯೇ?

ಕಾಲು ನೋವು:
ಗೇಟಿಗೆ ಬೀಗ ಹಾಕಿದರೆ ನಿಲ್ಲುತ್ತದೆ.

ಘೋಷಣೆ:
ಬೀಗದ ನಿಜವಾದ ಉದ್ದೇಶವನ್ನು ಈಗ ಒಬ್ಬರು ಬಾಯಿಬಿಟ್ಟರು. ಜನ ಸೇರುವುದು ಅಧಿಕಾರದಲ್ಲಿರುವವರಿಗೆ ಬೇಡ. ಢಾಕಾದ ರೇಸ್ ಕೋರ್ಸ್ ಮೈದಾನದಲ್ಲಿ 1971ರ ಮಾರ್ಚ್ 7ರಂದು ಶೇಖ್ ಮುಜೀಬ್ ಭಾಷಣ ಮಾಡಿದರು, ಅದೇ ವರ್ಷ ಡಿಸೆಂಬರ್ 16ರಂದು ಪಾಕಿಸ್ತಾನದ ಸೇನೆ ಶರಣಾದದ್ದೂ ಅಲ್ಲಿಯೇ. 2013ರಲ್ಲಿ ಅಲ್ಲಿಂದ ಕೂಗಳತೆಯ ಶಾಹಬಾಗ್ ಚೌಕ ಪ್ರತಿಭಟನೆಗೆ ಬಂದವರಿಂದ ತುಂಬಿತು. 2022ರಲ್ಲಿ ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಜನ ತಿಂಗಳುಗಟ್ಟಲೆ ಡೇರೆ ಹಾಕಿದರು, ಅಡುಗೆಮನೆ ಮಾಡಿದರು, ಗ್ರಂಥಾಲಯವನ್ನೂ ತೆರೆದರು. ಜುಲೈಯಲ್ಲಿ ಅಧ್ಯಕ್ಷರು ದೇಶ ಬಿಟ್ಟರು. ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಪ್ರತಿಭಟನೆ ಎಂದರೆ ಫ್ರೀಡಂ ಪಾರ್ಕ್ ಒಂದೇ. ಅದು ಹಿಂದೆ ಕೇಂದ್ರ ಕಾರಾಗೃಹ. ಜೈಲಿನ ಗೋಡೆಯೊಳಗೆ ಸ್ವಾತಂತ್ರ್ಯ!

ಇನ್ನು ‘ಒಂದೇ ಗೇಟು’ ಎಂದಿದ್ದೀರಿ. ಜಲಿಯನ್‌ವಾಲಾ ಬಾಗ್ ನೆನಪಿದೆಯೇ? ಸುತ್ತ ಗೋಡೆ, ಹೊರಗೆ ಹೋಗಲು ಕಿರಿದಾದ ದಾರಿಗಳು.

ಲೆಕ್ಕಪತ್ರ:
ತಾಲ್ಲೂಕಿನ ಕಾಂಪೌಂಡಿಗೂ ಜನರಲ್ ಡಯರ್‌ಗೂ ಎಲ್ಲಿಂದೆಲ್ಲಿಗೆ ಸಂಬಂಧ? ಏನು ಮಾತಾಡುತ್ತಿದ್ದೀರಿ? ಟ್ರಾಫಿಕ್ ತಡೆದು ತಿಂಗಳುಗಟ್ಟಲೆ ಕೂರುವುದು ಹಕ್ಕಲ್ಲ ಎಂದು ಸುಪ್ರೀಂ ಕೋರ್ಟೇ 2020ರಲ್ಲಿ ದೆಹಲಿಯ ಶಾಹೀನ್‌ಬಾಗ್ ಧರಣಿಯ ವಿಷಯದಲ್ಲಿ ಹೇಳಿದೆ.

ನಕ್ಷೆಗಾರ:
ರಸ್ತೆ ತಡೆಯಬಾರದು ಎಂದರೆ ರಸ್ತೆಯಲ್ಲದ ಜಾಗ ಊರಿನಲ್ಲಿ ಇರಬೇಕಲ್ಲ. ಬಯಲಿಗೆ ಬೀಗ ಹಾಕಿ, ರಸ್ತೆಗೆ ಬಂದರೆ ಲಾಠಿ ಹಿಡಿದರೆ ಹೇಗೆ? ಡಯರ್ ವಿಷಯ ಬಿಡಿ. ಗಣೇಶನ ಹಬ್ಬದ ರಾತ್ರಿ ಪೆಂಡಾಲಿಗೆ ಬೆಂಕಿ ಬಿದ್ದರೆ ಒಂದು ಗೇಟಿನಲ್ಲಿ ಎಷ್ಟು ಜನ ಹೊರಬರುತ್ತಾರೆ? ಸಭೆಯಲ್ಲಿ ಇದನ್ನು ಕೇಳಿ. ಎಂಜಿನಿಯರ್ ತಲೆ ತಗ್ಗಿಸುತ್ತಾರೆ.

ಸಂಜೆ ವಾಕಿಂಗ್:
ಗಾಲ್ ಫೇಸ್ ಎಂದಿರಲ್ಲ, ಅಲ್ಲೊಂದು ಕಲ್ಲಿನ ಫಲಕವಿದೆ. ಬ್ರಿಟಿಷ್ ಗವರ್ನರ್ ಹೆನ್ರಿ ವಾರ್ಡ್ 1859ರಲ್ಲಿ ಆ ನಡಿಗೆ ದಾರಿಯನ್ನು ಮುಗಿಸಿ, ಕೊಲಂಬೊದ ಹೆಂಗಸರು ಮಕ್ಕಳ ಹಿತಕ್ಕಾಗಿ ಕಾಪಾಡಿ ಎಂದು ತನ್ನ ನಂತರ ಬರುವವರಿಗೆ ಕೆತ್ತಿಸಿ ಹೋದ. ಆತನ ಮನಸ್ಸಿನಲ್ಲಿದ್ದ ಹೆಂಗಸರು ಯಾರು ಎಂಬುದನ್ನು ಊರ ಹೊರಗಿನವರು ಕೇಳಬಹುದು, ನ್ಯಾಯವಾಗಿಯೇ ಕೇಳಬಹುದು. ಆದರೂ ನಮ್ಮ ಯಾವ ಶಂಕುಸ್ಥಾಪನೆಯ ಕಲ್ಲಿನಲ್ಲಿ ಅಷ್ಟಾದರೂ ಇದೆ? ನಮ್ಮಲ್ಲಿ ಸಚಿವರ ಹೆಸರು, ಅಧ್ಯಕ್ಷತೆ, ಘನ ಉಪಸ್ಥಿತಿ.

ಬೀದರ್ ಕಡೆಯವ:
ಎಲ್ಲರೂ ಮೈದಾನದ ಮಾತಾಡುತ್ತಿದ್ದೀರಿ, ಸರ್ಕಲ್ ಬಿಟ್ಟಿರಿ. ಬೀದರಿನ ಚೌಬಾರ ಹಳೆಯ ಊರಿನ ಎರಡು ಮುಖ್ಯ ಬೀದಿ ಸೇರುವಲ್ಲಿ ಇದೆ. ನಾಲ್ಕೂ ದಿಕ್ಕಿಗೆ ಕಾಣುವ ಗೋಪುರ. ಈಗ ಅದರ ಬುಡದಲ್ಲಿ ನಿಂತು ಮೇಲೆ ನೋಡಿದರೆ ಹಿಂದಿನಿಂದ ಬೈಕ್ ಹಾರ್ನ್.

ಮಧ್ಯಾಹ್ನದ ನಿದ್ದೆ:
ಬ್ರಿಟಿಷರ ಗಡಿಯಾರದ ಗೋಪುರ ತಾನೇ ಅದು?

ಬೀದರ್ ಕಡೆಯವ:
ಅಲ್ಲವೇ ಅಲ್ಲ. ಅದು ಕಾವಲಿಗೆಂದು ಕಟ್ಟಿದ ಗುಂಡನೆಯ ಕಲ್ಲಿನ ಗೋಪುರ, ಬ್ರಿಟಿಷರಿಗಿಂತ ಬಹಳ ಹಳೆಯದು. ಗಡಿಯಾರ ಆಮೇಲೆ ಕೂರಿಸಿದ್ದು. ಬ್ರಿಟಿಷರು ಕಟ್ಟದ ಗೋಪುರವೂ ಈ ದೇಶದಲ್ಲಿ ಇದೆ ಸ್ವಾಮಿ.

ಠರಾವು:
ಸರ್ಕಲ್‌ಗಳ ಗತಿ ಬೇರೆ. ಪ್ರತಿ ಸರ್ಕಲ್‌ಗೂ ಯಾರ ಪ್ರತಿಮೆ ಎಂದು ಹೊಡೆದಾಟ. ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ರಾಜ್ಯಗಳಿಗೆ ಆದೇಶಿಸಿತ್ತು. ಅದಾದ ಮೇಲೆ ನಿಮ್ಮ ಊರಿನಲ್ಲಿ ಎಷ್ಟು ಎದ್ದಿವೆ, ಎಣಿಸಿ ನೋಡಿ.

ಸಂತೆಮಾಳ:
ಠರಾವು ಅವರೇ, ಅರ್ಜಿ ಬರೆಯುತ್ತಿದ್ದೇನೆ. ನಕ್ಷೆಗಾರರ ಬೆಂಕಿಯ ಪ್ರಶ್ನೆ ಮೊದಲಿಗೆ, ಸಂತೆಯ ಪ್ರಶ್ನೆ ಆಮೇಲೆ. ಸೊಪ್ಪಿನ ಮನೆ ಅವರೇ, ನಿಮ್ಮ ಬರಹವನ್ನು ಹೆಸರಿಲ್ಲದೆ ಸಭೆಯಲ್ಲಿ ಓದಬಹುದೇ?

ಸೊಪ್ಪಿನ ಮನೆ:
ಓದಿ. ಊರಿನ ಹೆಸರು ಮಾತ್ರ ಬೇಡ, ತಾಯಿ ಇನ್ನೂ ಅಲ್ಲೇ ಕೂರಬೇಕು.

ಹಿಮದ ಹಾದಿ:
ವಾಹನ ಹೊರಗಿಟ್ಟು ಗೆದ್ದ ಊರುಗಳನ್ನೂ ಸೇರಿಸಿ: ಗ್ಯಾಂಗ್ಟಾಕ್‌ನ ಎಂ.ಜಿ. ಮಾರ್ಗ, ಡಾರ್ಜಿಲಿಂಗ್‌ನ ಚೌರಸ್ತಾ, ಶಿಮ್ಲಾದ ರಿಡ್ಜ್. ಅಲ್ಲಿ ಮುದುಕರು ಬೆಂಚಿನ ಮೇಲೆ ಬಿಸಿಲು ಕಾಯುತ್ತಾ ಕೂತಿರುತ್ತಾರೆ.

ಲೆಕ್ಕಪತ್ರ:
ಬೆಟ್ಟದ ಊರು, ಪ್ರವಾಸಿಗಳ ದುಡ್ಡು. ಬಯಲುಸೀಮೆಯಲ್ಲಿ ಮಾಡಿ ತೋರಿಸಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ಕೊನೆಯಲ್ಲಿ ವಾರಾಂತ್ಯಕ್ಕೆ ವಾಹನ ನಿಲ್ಲಿಸಿದರು, ಕೆಲವು ತಿಂಗಳಲ್ಲಿ ಮುಗಿಯಿತು.

ನಕ್ಷೆಗಾರ:
ತ್ರಿಶ್ಶೂರಿನ ತೇಕ್ಕಿನ್‌ಕಾಡು ಮೈದಾನ ಬಯಲುನಾಡಿನದೇ. ಊರ ನಟ್ಟನಡುವೆ 65 ಎಕರೆ, ಸುತ್ತ ಸ್ವರಾಜ್ ರೌಂಡ್, ನಡುವೆ ವಡಕ್ಕುನ್ನಾಥನ್ ಗುಡಿ. ಪೂರಂ ಹಬ್ಬದ ದಿನ ಆನೆ, ಮೇಳ, ಸಿಡಿಮದ್ದು. ಉಳಿದ ದಿನ ಮರದ ನೆರಳಲ್ಲಿ ಇಸ್ಪೀಟು, ಚದುರಂಗ, ಹರಟೆ. ದೊಡ್ಡ ಮರಗಳಿವೆ ಎಂಬುದನ್ನು ಗಮನಿಸಿ. ಸಂತೆಮಾಳದವರ ನಕ್ಷೆಯಲ್ಲಿ ಪೇವರ್ ಇದೆ, ಮರ ಎಷ್ಟಿವೆ? ಏಪ್ರಿಲ್ ಮಧ್ಯಾಹ್ನ ಪೇವರ್ ಕಾದ ಹೆಂಚಾಗುತ್ತದೆ.

ಸಂತೆಮಾಳ:
ಮರ ನಾಲ್ಕಿವೆ. ನಾಲ್ಕೂ ಕಾಂಕ್ರೀಟಿನವು, ಕೊಂಬೆಗೆ ದೀಪ ಕಟ್ಟುತ್ತಾರಂತೆ.

ಮಿರ್ಚಿ ಮಂಡಕ್ಕಿ:
ಕೃತಕ ಮರಕ್ಕೆ ನೀರು ಹಾಕುವವರ ಹುದ್ದೆಗೂ ಟೆಂಡರ್ ಕರೆಯುತ್ತಾರೆ ನೋಡುತ್ತಿರಿ.

ಸಂಜೆ ವಾಕಿಂಗ್:
ಭೂಕಂಪ, ಫಿರಂಗಿ, ಆನೆ ಎಲ್ಲ ಬಂದು ಹೋದವು. ಶೌಚಾಲಯದ ಮಾತು ಒಬ್ಬರೂ ಎತ್ತಲಿಲ್ಲ. ಸಂತೆಮಾಳದವರೇ, ನಕ್ಷೆಯಲ್ಲಿ ಇದೆಯೇ?

ಸಂತೆಮಾಳ:
ಈಗ ತೆಗೆದು ನೋಡಿದೆ. ಕಾರಂಜಿಯ ಪಂಪ್ ಕೋಣೆಯ ಹಿಂದೆ ಒಂದು ಚೌಕ ಬರೆದಿದ್ದಾರೆ. ಗಂಡಸರಿಗೋ ಹೆಂಗಸರಿಗೋ ಎಂದು ಬರೆದಿಲ್ಲ. ಪಕ್ಕದಲ್ಲಿ ‘ಕಾರ್ಯಕ್ರಮಗಳ ಸಮಯದಲ್ಲಿ ಮಾತ್ರ’ ಎಂದಿದೆ.

ಸಂಜೆ ವಾಕಿಂಗ್:
ಸರಿ. ಹಾಗಾದರೆ ಅದರ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಅರ್ಜಿಯ ಮೊದಲನೆಯ ಪ್ರಶ್ನೆಯಾಗಿ ಹಾಕಿ. ಬೆಂಕಿ ಎರಡನೆಯದಾಗಲಿ.